ಮನೆಗೆ ಬಂದ ರಕ್ತಪರೀಕ್ಷೆ: ಒಂದು ಅಂಕಿಯ ಚರಿತ್ರೆ



ಸಿಡ್ನಿಯಿಂದ ಮೆಲ್ಬೋರ್ನಿಗೆ ಕರೆಸಿ, ಚರಿತ್ರೆಯ ವಿಷಯವಾಗಿ ಮಾತನಾಡಬೇಕೆಂದು ನೀವು ಕೇಳಿಕೊಂಡಾಗ ಹಂಪೆಯನ್ನೋ ಹಳೇಬೀಡನ್ನೋ ನಿರೀಕ್ಷಿಸಿದ್ದಿರಬಹುದು. ನಾನು ಆರಿಸಿಕೊಂಡಿರುವುದು ಒಂದು ಹನಿ ರಕ್ತದ ಚರಿತ್ರೆಯನ್ನು. ನಾನು ವೈದ್ಯನಲ್ಲ; ವಿಜ್ಞಾನದ ಚರಿತ್ರೆಯನ್ನು ಓದಿಕೊಂಡವನು. ಅದಕ್ಕಿಂತ ಹೆಚ್ಚಾಗಿ, ಬಹುಕಾಲ ದಿನವೂ ಸಂಜೆ ವಾರ್ಫರಿನ್ ಮಾತ್ರೆ ನುಂಗಿದ ತಾಯಿಯೊಬ್ಬಳ ಮಗ. ಇಂದು ಇಲ್ಲಿ ಕುಳಿತಿರುವ ಹಲವು ಮನೆಗಳಲ್ಲಿಯೂ ಅಂಥ ಮಾತ್ರೆಯ ಡಬ್ಬಿಯೊಂದು ದೇವರ ಗೂಡಿನ ಪಕ್ಕದಲ್ಲಿಯೋ ಅಡುಗೆಮನೆಯ ಕಿಟಕಿಯಲ್ಲಿಯೋ ಇರಬಹುದೆಂದು ನಾನು ಬಲ್ಲೆ. ಆದಕಾರಣ ಈ ವಿಷಯ.

ನಾವು ಅದನ್ನು ‘ರಕ್ತ ತೆಳು ಮಾಡುವ ಮಾತ್ರೆ’ ಎನ್ನುತ್ತೇವೆ. ಮಾತು ರೂಢಿಯಾಗಿದೆ, ಆದರೆ ಸರಿಯಲ್ಲ. ಆ ಮಾತ್ರೆ ರಕ್ತಕ್ಕೆ ನೀರು ಬೆರೆಸುವುದಿಲ್ಲ. ರಕ್ತ ಹೆಪ್ಪುಗಟ್ಟಲು ಯಕೃತ್ತು ತಯಾರಿಸುವ ಕೆಲವು ಅಂಶಗಳನ್ನು ತಡೆಯುತ್ತದೆ. ಅವುಗಳ ತಯಾರಿಕೆಗೆ ಕೆ ಜೀವಸತ್ವ ಬೇಕು. ಈ ಜೀವಸತ್ವವನ್ನು ಡೆನ್ಮಾರ್ಕಿನ ಹೆನ್ರಿಕ್ ಡ್ಯಾಮ್ ಅವರು 1930ರ ದಶಕದಲ್ಲಿ ಕಂಡುಹಿಡಿದರು. 1943ರ ನೊಬೆಲ್ ಪ್ರಶಸ್ತಿಯನ್ನು ಅಮೆರಿಕದ ಎಡ್ವರ್ಡ್ ಡಾಯ್ಸಿ ಅವರೊಡನೆ ಹಂಚಿಕೊಂಡರು. ನಮ್ಮ ಮೆಂತ್ಯ, ಪಾಲಕ್, ನುಗ್ಗೆ ಸೊಪ್ಪುಗಳಲ್ಲಿ ಅದು ಧಾರಾಳವಾಗಿದೆ. ವಾರ್ಫರಿನ್ ಈ ಕೆ ಜೀವಸತ್ವದ ಕೈ ಕಟ್ಟುತ್ತದೆ. ಕಟ್ಟು ಸಡಿಲವಾದರೆ ಹೆಪ್ಪು, ಬಿಗಿಯಾದರೆ ರಕ್ತಸ್ರಾವ. ಎಷ್ಟು ಬಿಗಿಯಾಗಿದೆ ಎಂದು ತಿಳಿಯುವ ಪ್ರಯತ್ನದ ಕಥೆಯೇ ಇಂದಿನ ವಿಷಯ.

ಬೂಷ್ಟು ಹಿಡಿದ ಹುಲ್ಲು

ಕಥೆ ಆಸ್ಪತ್ರೆಯಲ್ಲಿ ಆರಂಭವಾಗುವುದಿಲ್ಲ, ದನದ ಕೊಟ್ಟಿಗೆಯಲ್ಲಿ ಆರಂಭವಾಗುತ್ತದೆ. 1920ರ ದಶಕದಲ್ಲಿ ಕೆನಡಾದಲ್ಲಿಯೂ ಅಮೆರಿಕದ ಉತ್ತರದ ಬಯಲುಗಳಲ್ಲಿಯೂ ದನಗಳು ವಿಚಿತ್ರವಾಗಿ ಸಾಯತೊಡಗಿದವು. ಕೊಂಬು ಕತ್ತರಿಸಿದರೆ ರಕ್ತ ನಿಲ್ಲದು. ಕೆಲವು ಗಾಯವೇ ಇಲ್ಲದೆ ಒಳಗೇ ರಕ್ತ ಸುರಿದು ಬಿದ್ದವು. ಒಂಟಾರಿಯೋದ ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಇದರ ಮೂಲ ಸೋಂಕಲ್ಲ, ಬೂಷ್ಟು ಹಿಡಿದ ಸಿಹಿ ಕ್ಲೋವರ್ ಮೇವು ಎಂದು ತೋರಿಸಿದರು. ಉತ್ತರ ಡಕೋಟದ ಲೀ ರೋಡೆರಿಕ್ ಅದನ್ನು ಮುಂದುವರಿಸಿ, ಹೆಪ್ಪುಗಟ್ಟಲು ಬೇಕಾದ ಪ್ರೋಥ್ರಾಂಬಿನ್ ಎಂಬ ಅಂಶ ಈ ದನಗಳಲ್ಲಿ ಕುಂದಿದೆ ಎಂದು ಕಂಡರು.

1933ರ ಫೆಬ್ರವರಿಯ ಒಂದು ದಿನ, ಹಿಮದ ಬಿರುಗಾಳಿಯ ನಡುವೆ, ವಿಸ್ಕಾನ್ಸಿನ್ ಪ್ರಾಂತ್ಯದ ಎಡ್ ಕಾರ್ಲ್‌ಸನ್ ಎಂಬ ರೈತ ಸತ್ತ ಕಡಸೊಂದನ್ನು, ಹಾಳಾದ ಹುಲ್ಲನ್ನು, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನು ವಾಹನಕ್ಕೆ ಹೇರಿಕೊಂಡು ಸುಮಾರು 300 ಕಿಲೋಮೀಟರ್ ದೂರದ ಮ್ಯಾಡಿಸನ್ ನಗರಕ್ಕೆ ಬಂದ. ಅಲ್ಲಿನ ವಿಶ್ವವಿದ್ಯಾನಿಲಯದ ಜೀವರಸಾಯನ ಶಾಸ್ತ್ರಜ್ಞ ಕಾರ್ಲ್ ಪಾಲ್ ಲಿಂಕ್ ಅವರಿಗೆ ಅಂದು ಹೇಳಲು ಉತ್ತರವಿರಲಿಲ್ಲ. ಆ ಹುಲ್ಲು ಹಾಕಬೇಡಿ ಎಂಬುದಷ್ಟೇ ಸಲಹೆ. ಆದರೆ ಆ ಕ್ಯಾನು ಅವರನ್ನು ಬಿಡಲಿಲ್ಲ. 1939ರಲ್ಲಿ ಅವರ ಪ್ರಯೋಗಾಲಯದ ಹೆರಾಲ್ಡ್ ಕ್ಯಾಂಪ್‌ಬೆಲ್ ಆ ವಿಷವನ್ನು ಹರಳಾಗಿ ಬೇರ್ಪಡಿಸಿದರು. ಅದೇ ಡೈಕುಮರಾಲ್. ಅದರ ಬಂಧುವೊಂದನ್ನು 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ತಂದರು. ಸಂಶೋಧನೆಗೆ ಹಣ ಕೊಟ್ಟ ವಿಸ್ಕಾನ್ಸಿನ್ ಹಳೆಯ ವಿದ್ಯಾರ್ಥಿಗಳ ಪ್ರತಿಷ್ಠಾನದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ‘ವಾರ್ಫರಿನ್’ ಎಂದು ಹೆಸರಿಟ್ಟರು.

ಪಾಷಾಣ ಮದ್ದಾದದ್ದು ಹೇಗೆ? 1951ರಲ್ಲಿ ಅಮೆರಿಕದ ಸೇನೆಗೆ ಸೇರಿದ ಯುವಕನೊಬ್ಬ ಪ್ರಾಣ ಕಳೆದುಕೊಳ್ಳಲೆಂದು ಅದನ್ನು ತಿಂದ. ಆಸ್ಪತ್ರೆಯಲ್ಲಿ ಕೆ ಜೀವಸತ್ವ ಕೊಟ್ಟಾಗ ಬದುಕಿದ. ವಿಷಕ್ಕೆ ಪ್ರತಿವಿಷ ಇದೆಯೆಂದು ತಿಳಿದ ಮೇಲೆ ವೈದ್ಯರಿಗೆ ಧೈರ್ಯ ಬಂತು. 1954ರಲ್ಲಿ ಮನುಷ್ಯರಿಗೆ ಕೊಡಲು ಅನುಮತಿ ದೊರೆಯಿತು. 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾದಾಗ ಅವರಿಗೂ ಇದನ್ನೇ ಕೊಟ್ಟರು.

ಊರಿಗೊಂದು ಸೇರು

ಮದ್ದು ಸಿಕ್ಕಿತು, ಅಳತೆ ಸಿಕ್ಕಿರಲಿಲ್ಲ. 1935ರಲ್ಲಿ ಅಮೆರಿಕದ ಆರ್ಮಂಡ್ ಕ್ವಿಕ್ ಒಂದು ಪರೀಕ್ಷೆಯನ್ನು ರೂಪಿಸಿದ್ದರು. ರಕ್ತದ ತಿಳಿಗೆ ಥ್ರಾಂಬೊಪ್ಲಾಸ್ಟಿನ್ ಎಂಬ, ಪ್ರಾಣಿಗಳ ಅಂಗಾಂಶದಿಂದ ತೆಗೆದ ದ್ರವ್ಯವನ್ನೂ ಸುಣ್ಣದ ಅಂಶವನ್ನೂ ಬೆರೆಸಿ, ಎಷ್ಟು ಸೆಕೆಂಡಿಗೆ ಹೆಪ್ಪಾಗುತ್ತದೆ ಎಂದು ಗಡಿಯಾರ ಹಿಡಿದು ನೋಡುವುದು. ಆರೋಗ್ಯವಂತರಲ್ಲಿ ಸುಮಾರು 12 ಸೆಕೆಂಡು. ಮಾತ್ರೆ ನುಂಗುವವರಲ್ಲಿ ಹೆಚ್ಚು.

ತೊಡಕು ಎಲ್ಲಿ ಬಂತೆಂದರೆ, ಆ ದ್ರವ್ಯ ಎಲ್ಲ ಕಡೆಯೂ ಒಂದೇ ಬಗೆಯದಾಗಿರಲಿಲ್ಲ. ಒಂದು ಕಡೆ ಮೊಲದ ಮಿದುಳಿನಿಂದ ತೆಗೆದದ್ದು, ಇನ್ನೊಂದು ಕಡೆ ಬೇರೆಯದು. ಒಂದು ಚುರುಕು, ಒಂದು ಮಂದ. ಒಬ್ಬನದೇ ರಕ್ತವನ್ನು ಎರಡು ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿದರೆ ಎರಡು ಉತ್ತರ. ನಮ್ಮ ಹಿರಿಯರು ಸೇರು ಪಾವುಗಳ ಕಾಲದಲ್ಲಿ ಬದುಕಿದವರು. ಒಂದು ಸಂತೆಯ ಸೇರು ಇನ್ನೊಂದು ಸಂತೆಯ ಸೇರಿಗೆ ಸಮವಾಗಿರುತ್ತಿರಲಿಲ್ಲ. ಭಾರತದಲ್ಲಿ ಆ ಗೊಂದಲಕ್ಕೆ ಮುಕ್ತಾಯ ಹಾಡಲು 1956ರ ತೂಕ ಮತ್ತು ಅಳತೆಗಳ ಕಾಯಿದೆ ಬೇಕಾಯಿತು. ರಕ್ತದ ಸೇರಿನ ಗೊಂದಲ ಇನ್ನೂ ಅಪಾಯಕರ. ಉತ್ತರ ಅಮೆರಿಕದ ದ್ರವ್ಯಗಳು ಮಂದವಾಗಿದ್ದುದರಿಂದ ಅಲ್ಲಿನ ವೈದ್ಯರು ತಮಗೆ ಅರಿವಿಲ್ಲದೆಯೇ ಬ್ರಿಟನ್ನಿನವರಿಗಿಂತ ಹೆಚ್ಚು ಮಾತ್ರೆ ಕೊಡುತ್ತಿದ್ದರು. ರೋಗಿಗಳಲ್ಲಿ ರಕ್ತಸ್ರಾವವೂ ಹೆಚ್ಚಾಗಿತ್ತು.

ಮ್ಯಾಂಚೆಸ್ಟರಿನ ಲಿಯಾನ್ ಪೋಲರ್ ಮೊದಲಾದವರು ಒಂದೇ ಮಾನದಂಡಕ್ಕಾಗಿ ವರ್ಷಗಟ್ಟಲೆ ದುಡಿದರು. ಕೊನೆಗೆ 1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಕ್ರಮವನ್ನು ಒಪ್ಪಿಕೊಂಡಿತು. ಪ್ರತಿ ತಯಾರಕನೂ ತನ್ನ ದ್ರವ್ಯ ಎಷ್ಟು ಚುರುಕು ಎಂಬುದನ್ನು ಅಂತರರಾಷ್ಟ್ರೀಯ ಮಾದರಿಯೊಡನೆ ಹೋಲಿಸಿ ಒಂದು ಸೂಚ್ಯಂಕ ನೀಡಬೇಕು. ಆ ಸೂಚ್ಯಂಕದಿಂದ ಲೆಕ್ಕ ಹಾಕಿದರೆ ಸೆಕೆಂಡುಗಳು ಹೋಗಿ ಎಲ್ಲ ದೇಶಗಳಿಗೂ ಹೊಂದುವ ಒಂದು ಅಂಕಿ ಬರುತ್ತದೆ. ಅದೇ ಐ.ಎನ್.ಆರ್. ಮಾತ್ರೆ ನುಂಗದವರಿಗೆ ಅದು ಸುಮಾರು 1. ಹೃದಯದ ಮಿಡಿತ ತಾಳ ತಪ್ಪಿದವರಿಗೆ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಲಿ ಎನ್ನುತ್ತಾರೆ. ಕೃತಕ ಕವಾಟ ಇರುವವರಿಗೆ ಹಲವೊಮ್ಮೆ ಅದಕ್ಕಿಂತ ಸ್ವಲ್ಪ ಮೇಲೆ.

ಈ ಒಪ್ಪಂದದ ಮಹತ್ವ ವಲಸೆ ಬಂದ ನಮ್ಮಂಥವರಿಗೆ ತಿಳಿದಷ್ಟು ಇತರರಿಗೆ ತಿಳಿಯದು. ಮೈಸೂರಿನಲ್ಲಿ ಬಂದ 2.5, ಮೆಲ್ಬೋರ್ನಿನಲ್ಲಿಯೂ 2.5 ಎಂದೇ ಅರ್ಥ. ಭಾಷೆ ತಿಳಿಯದ ವೃದ್ಧೆಯ ಚೀಲದಲ್ಲಿರುವ ಮುದುಡಿದ ಚೀಟಿಯನ್ನು ಇಲ್ಲಿನ ವೈದ್ಯರು ಓದಬಲ್ಲರು.

ಎರಡು ಕವಾಟಗಳು

ನಮ್ಮ ಊರಿನ ಕಡೆ ಈ ಮಾತ್ರೆ ಅಷ್ಟೊಂದು ಮನೆಗಳಿಗೆ ಬರಲು ಮುಖ್ಯ ಕಾರಣ ಬಾಲ್ಯದ ರುಮ್ಯಾಟಿಕ್ ಜ್ವರ. ಗಂಟಲು ಬೇನೆಯೆಂದು ಅಲಕ್ಷ್ಯ ಮಾಡಿದ ಸೋಂಕು ಕೆಲವು ಮಕ್ಕಳಲ್ಲಿ ಹೃದಯದ ಕವಾಟಗಳನ್ನು ಕೆಡಿಸಿ, ಮೂವತ್ತು ನಲವತ್ತರ ವಯಸ್ಸಿಗೆ ಏದುಸಿರಾಗಿ ಕಾಣಿಸಿಕೊಳ್ಳುತ್ತದೆ. ಇದು ಬಡತನದ, ಇಕ್ಕಟ್ಟಿನ ಮನೆಗಳ ರೋಗ. ಸಿರಿವಂತ ಆಸ್ಟ್ರೇಲಿಯದಲ್ಲಿಯೂ ಉತ್ತರದ ಮೂಲನಿವಾಸಿ ಸಮುದಾಯಗಳಲ್ಲಿ ಇದು ಇಂದಿಗೂ ಹೇರಳವಾಗಿದೆ ಎಂಬುದನ್ನು ನಾವು ಮರೆಯಬಾರದು.

ಕೆಟ್ಟ ಕವಾಟದ ಜಾಗದಲ್ಲಿ ಕೃತಕ ಕವಾಟ ಕೂರಿಸುವ ಕಾಲ 1960ರಲ್ಲಿ, ಆಲ್ಬರ್ಟ್ ಸ್ಟಾರ್ ಮತ್ತು ಲೋವೆಲ್ ಎಡ್ವರ್ಡ್ಸ್ ಅವರ ಚೆಂಡಿನ ಕವಾಟದೊಡನೆ ತೆರೆಯಿತು. ಆದರೆ ಲೋಹವೋ ಪ್ಲಾಸ್ಟಿಕ್ಕೋ ರಕ್ತಕ್ಕೆ ಪರಕೀಯ. ಅದರ ಮೇಲೆ ಹೆಪ್ಪು ಕೂರುತ್ತದೆ. ಆದ್ದರಿಂದ ಯಾಂತ್ರಿಕ ಕವಾಟ ಪಡೆದವರಿಗೆ ವಾರ್ಫರಿನ್ ಜಾತಿಯ ಮಾತ್ರೆ ಜೀವನಪರ್ಯಂತ ತಪ್ಪದು.

ಇಲ್ಲಿ ಎರಡು ಹೆಸರುಗಳನ್ನು ಸ್ಮರಿಸಬೇಕು. ಒಬ್ಬರು ಸಿಡ್ನಿಯ ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆಯ ವಿಕ್ಟರ್ ಚಾಂಗ್; 1936ರಲ್ಲಿ ಶಾಂಘೈನಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಇಲ್ಲಿಗೆ ಬಂದವರು. ಅವರು ಅಭಿವೃದ್ಧಿಪಡಿಸಿದ ಕವಾಟಕ್ಕೆ ಆ ಆಸ್ಪತ್ರೆಯ ಹೆಸರನ್ನೇ ಇಟ್ಟರು. ಏಷ್ಯಾದ ದೇಶಗಳಲ್ಲಿ ಅದರ ಬಳಕೆಯಾಯಿತು. 1991ರ ಜುಲೈ 4ರಂದು ಸಿಡ್ನಿಯಲ್ಲಿ ಅವರ ಕೊಲೆಯಾದಾಗ ಇಡೀ ದೇಶ ಮರುಗಿತು. ಇನ್ನೊಬ್ಬರು ಎಂ.ಎಸ್. ವಲಿಯತ್ತಾನ್. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ, ಕೆಲವು ಮಾದರಿಗಳು ಸೋತ ಮೇಲೂ ಕೈಬಿಡದೆ, ಭಾರತದ್ದೇ ಆದ ಕವಾಟವನ್ನು ರೂಪಿಸಿದರು. 1990ರ ಡಿಸೆಂಬರಿನಲ್ಲಿ ಅದನ್ನು ಮೊದಲ ಬಾರಿಗೆ ರೋಗಿಗೆ ಜೋಡಿಸಲಾಯಿತು. ಮುಂದೆ ಅವರು ಮಣಿಪಾಲ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳಾಗಿ ನಮ್ಮ ನಾಡಿನವರೇ ಆದರು. 2024ರಲ್ಲಿ ಮಣಿಪಾಲದಲ್ಲಿಯೇ ತೀರಿಕೊಂಡರು. ಅಗ್ಗದ ಕವಾಟ ಬಡವನ ಎದೆಗೆ ಬಂತು. ಆದರೆ ಅದರ ಬೆನ್ನಿಗೇ ಜೀವನಪರ್ಯಂತದ ರಕ್ತಪರೀಕ್ಷೆಯೂ ಬಂತು.

ಪ್ರಯೋಗಾಲಯದಿಂದ ಅಡುಗೆಮನೆಗೆ

ಆಸ್ಟ್ರೇಲಿಯದಲ್ಲಿ 1984ರಲ್ಲಿ ಮೆಡಿಕೇರ್ ಆರಂಭವಾದ ಮೇಲೆ ಪರೀಕ್ಷೆಯ ವೆಚ್ಚದ ಭಾರ ಬಹಳಷ್ಟು ಇಳಿಯಿತು. ಆದರೂ ರಕ್ತ ಕೊಡಲು ಹೋಗಬೇಕು, ಸರದಿಯಲ್ಲಿ ಕೂರಬೇಕು, ತೋಳು ಒಡ್ಡಬೇಕು. ಗಾಡಿ ಓಡಿಸದ, ಇಂಗ್ಲಿಷ್ ಬಾರದ ಹಿರಿಯರಿಗೆ ಮಗನೋ ಸೊಸೆಯೋ ಕೆಲಸಕ್ಕೆ ರಜೆ ಹಾಕಿ ಬರಬೇಕು.

ಇದಕ್ಕೆ ಪರಿಹಾರದ ದಾರಿ ಜರ್ಮನಿಯಲ್ಲಿ ತೆರೆಯಿತು. 1986ರ ಸುಮಾರಿಗೆ ಅಲ್ಲಿನ ಕೆಲವು ವೈದ್ಯರು ರೋಗಿಗಳಿಗೇ ಪರೀಕ್ಷೆಯನ್ನು ಕಲಿಸತೊಡಗಿದರು. 1990ರ ದಶಕದಲ್ಲಿ ಕೊವಾಗುಚೆಕ್ ಎಂಬ ಚಿಕ್ಕ ಯಂತ್ರ ಬಂತು. ಅದರ ಪಟ್ಟಿಯಲ್ಲಿ ಕಬ್ಬಿಣದ ಸೂಕ್ಷ್ಮ ಕಣಗಳಿದ್ದವು. ಅಯಸ್ಕಾಂತದ ಸೆಳೆತಕ್ಕೆ ಅವು ಕುಣಿಯುತ್ತಿದ್ದವು. ರಕ್ತ ಹೆಪ್ಪಾದೊಡನೆ ಕುಣಿತ ನಿಲ್ಲುತ್ತಿತ್ತು, ಯಂತ್ರ ಆ ಕ್ಷಣವನ್ನು ಗುರುತಿಸುತ್ತಿತ್ತು. 2006ರ ಹೊತ್ತಿಗೆ ಬಂದ ಮಾದರಿಯಲ್ಲಿ ಕಣಗಳ ಬದಲು ವಿದ್ಯುತ್ ರಾಸಾಯನಿಕ ವಿಧಾನ. ಬೆರಳ ತುದಿಯ ಒಂದು ಹನಿ, ಸುಮಾರು ಒಂದು ನಿಮಿಷ, ಪರದೆಯ ಮೇಲೆ ಅಂಕಿ.

ಒಂದು ಮಾತನ್ನು ಗಮನಿಸಬೇಕು. ಯಂತ್ರ ಬರುವುದಕ್ಕೆ ಮುಂಚೆ 1983ರ ಅಂಕಿ ಬಂದಿತ್ತು. ಜಗತ್ತು ಒಂದೇ ಸೇರನ್ನು ಒಪ್ಪಿಕೊಳ್ಳದಿದ್ದರೆ ಮನೆಯ ಯಂತ್ರ ಹೇಳಿದ ಸೆಕೆಂಡುಗಳಿಗೆ ಯಾವ ವೈದ್ಯನೂ ಬೆಲೆ ಕೊಡುತ್ತಿರಲಿಲ್ಲ. 2018ರಲ್ಲಿ ಇದಕ್ಕೆ ಇನ್ನೊಂದು ಸಾಕ್ಷಿ ದೊರೆಯಿತು. ಮನೆಯಲ್ಲಿ ಬಳಸುವ ಪಟ್ಟಿಗಳನ್ನು ಹೊಸ ಅಂತರರಾಷ್ಟ್ರೀಯ ಮಾದರಿಗೆ ಹೊಂದಿಸಿದಾಗ, ಹೆಚ್ಚಿನ ಅಂಕಿಗಳು ಇರಬೇಕಾದುದಕ್ಕಿಂತ ಮೇಲೆ ತೋರತೊಡಗಿದವು; ಕಂಪನಿಯವರು ಅವನ್ನು ಹಿಂದಕ್ಕೆ ಪಡೆದು ಹಳೆಯ ಮಾದರಿಗೆ ಮರಳಿದರು. ಅಂಕಿ ಹೆಚ್ಚಾಗಿ ಬಂದರೆ ತೋಳಿನ ರಕ್ತದಿಂದ ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳಿ ಎಂದು ಹೇಳುವುದು ಈ ಕಾರಣಕ್ಕೇ.

ಫಲವೇನಾಯಿತು? 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 2,922 ಜನರನ್ನು ಹಿಂಬಾಲಿಸಿ, ವಾರಕ್ಕೊಮ್ಮೆ ಮನೆಯಲ್ಲಿ ಪರೀಕ್ಷಿಸಿದವರಿಗೂ ತಿಂಗಳಿಗೊಮ್ಮೆ ಚಿಕಿತ್ಸಾಲಯಕ್ಕೆ ಹೋದವರಿಗೂ ಪಾರ್ಶ್ವವಾಯು, ದೊಡ್ಡ ರಕ್ತಸ್ರಾವ, ಮರಣಗಳನ್ನು ಒಟ್ಟಾಗಿ ನೋಡಿದಾಗ ಗಮನಾರ್ಹ ಅಂತರ ಕಾಣಲಿಲ್ಲವೆಂದಿತು. 2012ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ 11 ಅಧ್ಯಯನಗಳ 6,417 ಜನರ ವಿವರಗಳನ್ನು ಕೂಡಿಸಿ ನೋಡಿದ ಬರಹವನ್ನು ಪ್ರಕಟಿಸಿತು. ಮನೆಯಲ್ಲಿ ಪರೀಕ್ಷಿಸಿಕೊಂಡವರಲ್ಲಿ ಹೆಪ್ಪಿನ ಅನಾಹುತಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ದೊಡ್ಡ ರಕ್ತಸ್ರಾವ ಮತ್ತು ಮರಣದಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. ಯಂತ್ರ ಪವಾಡವಲ್ಲ; ಕಲಿತವರ ಕೈಯಲ್ಲಿ ಒಳ್ಳೆಯ ಉಪಕರಣ.

‘ಕಲಿತವರ ಕೈಯಲ್ಲಿ’ ಎಂಬ ಮಾತಿಗೆ ಒತ್ತು ಕೊಡುತ್ತೇನೆ. ವೈದ್ಯರು ಎರಡು ಸಂಗತಿಗಳನ್ನು ಬೇರೆ ಮಾಡಿ ಹೇಳುತ್ತಾರೆ. ಸ್ವಯಂ ಪರೀಕ್ಷೆ ಎಂದರೆ ಮನೆಯಲ್ಲಿ ಅಂಕಿ ನೋಡಿ ವೈದ್ಯರಿಗೆ ತಿಳಿಸುವುದು. ಮಾತ್ರೆಯ ಪ್ರಮಾಣ ಅವರ ನಿರ್ಧಾರ. ಸ್ವಯಂ ನಿರ್ವಹಣೆ ಎಂದರೆ ತರಬೇತಿ ಪಡೆದು ಪ್ರಮಾಣವನ್ನೂ ತಾನೇ ಬದಲಿಸಿಕೊಳ್ಳುವುದು. ಇವೆರಡರ ನಡುವಿನ ಗೆರೆಯನ್ನು ನಾನು ದಾಟಿದ ಕಥೆಯನ್ನು ಈಗ ಹೇಳಬೇಕು.

ನಮ್ಮ ಮನೆಯ ಪುಸ್ತಕ

ನನ್ನ ತಾಯಿಯವರಿಗೆ ಬೆಂಗಳೂರಿನಲ್ಲಿ 1994ರಲ್ಲಿ ಕವಾಟ ಬದಲಿಸಿದ್ದರು. ತಂದೆಯವರು ತೀರಿಕೊಂಡ ಮೇಲೆ 2004ರಲ್ಲಿ ಸಿಡ್ನಿಗೆ ಬಂದರು. ಜೊತೆಗೆ ತಂದ ಮಾತ್ರೆ ವಾರ್ಫರಿನ್ ಅಲ್ಲ, ಭಾರತದಲ್ಲಿ ಬಹಳವಾಗಿ ಬಳಸುವ ಅಸಿನೋಕುಮರಾಲ್. ಇಲ್ಲಿ ರೂಢಿಯಲ್ಲಿರುವುದು ವಾರ್ಫರಿನ್. ಎರಡೂ ಒಂದೇ ಕುಲದವು, ಆದರೆ ಒಂದರ ಒಂದು ಮಿಲಿಗ್ರಾಂ ಇನ್ನೊಂದರ ಒಂದು ಮಿಲಿಗ್ರಾಮಿಗೆ ಸಮವಲ್ಲ. ಅಸಿನೋಕುಮರಾಲ್ ಕಡಿಮೆ ತೂಕದಲ್ಲಿಯೇ ಅಷ್ಟೇ ಕೆಲಸ ಮಾಡುತ್ತದೆ. ಇಲ್ಲಿಯೂ ವಾರ್ಫರಿನ್ ದೀರ್ಘಕಾಲ ಕೌಮಡಿನ್, ಮಾರೆವಾನ್ ಎಂಬ ಎರಡು ಹೆಸರುಗಳಲ್ಲಿ ಮಾರಾಟವಾಗಿ, ಒಂದರ ಬದಲು ಇನ್ನೊಂದನ್ನು ಕೊಡಬಾರದೆಂಬ ಎಚ್ಚರಿಕೆ ಇತ್ತು. ಅಂಕಿ ಕಡಲು ದಾಟುತ್ತದೆ, ಮಾತ್ರೆ ದಾಟುವುದಿಲ್ಲ. ಊರಿಂದ ತಂದೆತಾಯಿಯರನ್ನು ಕರೆಸಿಕೊಳ್ಳುವವರು ಇದನ್ನು ದಯವಿಟ್ಟು ನೆನಪಿಡಬೇಕು.

ತಾಯಿಯವರ ನರಗಳು ಸಣ್ಣವು. ತೋಳಿನ ತುಂಬ ನೀಲಿ ಕಲೆ. ‘ಇದೇನೋ, ನನ್ನ ಕೈ ಗೋರಂಟಿ ಹಚ್ಚಿದ ಹಾಗಿದೆ’ ಎಂದು ನಗುತ್ತಿದ್ದರು, ನೋವನ್ನು ಹೇಳುತ್ತಿರಲಿಲ್ಲ. 2010ರಲ್ಲಿ ವೈದ್ಯರ ಒಪ್ಪಿಗೆ ಪಡೆದು ಯಂತ್ರ ಕೊಂಡೆವು. ಯಂತ್ರಕ್ಕೂ ಪಟ್ಟಿಗಳಿಗೂ ಹಣ ನಮ್ಮ ಕೈಯದು. ಶನಿವಾರ ಬೆಳಗ್ಗೆ ಮೊಮ್ಮಗಳು ಬೆರಳು ಚುಚ್ಚುವಳು. ‘ಎಷ್ಟು ಬಂತೇ ಪುಟ್ಟಿ?’ ಎಂದು ಅಜ್ಜಿ ಕೇಳುವರು. ‘ಎರಡು ಪಾಯಿಂಟ್ ಎಂಟು ಅಜ್ಜಿ’ ಎನ್ನುವಳು. ಅಂಕಿಯನ್ನು ಪುಸ್ತಕದಲ್ಲಿ ಬರೆದು, ಚಿಕಿತ್ಸಾಲಯಕ್ಕೆ ದೂರವಾಣಿಯಲ್ಲಿ ತಿಳಿಸುವುದು ನನ್ನ ಕೆಲಸ.

ಎರಡು ವರ್ಷ ಹೀಗೆ ಸುಸೂತ್ರವಾಗಿ ನಡೆಯಿತು. ಆ ಸುಸೂತ್ರವೇ ನನ್ನನ್ನು ಕೆಡಿಸಿತು. ಒಂದು ಶನಿವಾರ 1.7 ಬಂತು. ಆ ವಾರ ಯಾರೋ ನುಗ್ಗೆ ಸೊಪ್ಪು ತಂದುಕೊಟ್ಟು, ಮೂರು ದಿನ ಬಸ್ಸಾರು, ಪಲ್ಯ ನಡೆದಿತ್ತು. ‘ಇಷ್ಟಕ್ಕೆಲ್ಲ ಡಾಕ್ಟರನ್ನು ಏಕೆ ಕೇಳುವುದು’ ಎಂದುಕೊಂಡು ದಿನಕ್ಕೆ ಒಂದು ಮಾತ್ರೆ ಹೆಚ್ಚಿಸಿದೆ. ಪುಸ್ತಕದಲ್ಲಿ ಬರೆಯಲೂ ಇಲ್ಲ. ಅದೇ ವಾರ ಹಲ್ಲಿನ ಬಾವಿಗೆ ದಂತವೈದ್ಯರು ಮೆಟ್ರೊನಿಡಜೋಲ್ ಕೊಟ್ಟಿದ್ದರು. ಅದು ವಾರ್ಫರಿನ್ನಿನ ಬಲವನ್ನು ಬಹಳವಾಗಿ ಏರಿಸುವ ಮದ್ದು. ದಂತವೈದ್ಯರು ಕೇಳಿದಾಗ ತಾಯಿಯವರ ಮಾತ್ರೆಗಳ ಪಟ್ಟಿಯನ್ನು ಪೂರ್ತಿ ಹೇಳದೆ ಹೋದವನು ನಾನೇ. ಮುಂದಿನ ಶನಿವಾರ ಯಂತ್ರ 5.8 ತೋರಿಸಿತು. ಆ ಹೊತ್ತಿಗೆ ತಾಯಿಯವರು ಮೂಗಿಗೆ ಸೆರಗು ಒತ್ತಿಕೊಂಡು ಕುಳಿತಿದ್ದರು. ಸೆರಗು ಕೆಂಪಾಗಿತ್ತು.

ಆಸ್ಪತ್ರೆಯಲ್ಲಿ ತೋಳಿನ ರಕ್ತದಿಂದ ಅಂಕಿಯನ್ನು ಖಚಿತಪಡಿಸಿಕೊಂಡು, ವಾರ್ಫರಿನ್ ನಿಲ್ಲಿಸಿ, ಸ್ವಲ್ಪವೇ ಪ್ರಮಾಣದ ಕೆ ಜೀವಸತ್ವ ಕೊಟ್ಟರು. ರಕ್ತಸ್ರಾವ ಪ್ರಾಣಾಂತಿಕವಾಗಿದ್ದಲ್ಲಿ ಬೇರೆ ಮದ್ದು ಬೇಕಾಗುತ್ತಿತ್ತು: ದಾನಿಗಳ ರಕ್ತದಿಂದ, 1916ರಲ್ಲಿ ಸ್ಥಾಪಿತವಾದ ನಿಮ್ಮ ಮೆಲ್ಬೋರ್ನಿನ ಸಿ.ಎಸ್.ಎಲ್. ಸಂಸ್ಥೆಯವರು ಈ ದೇಶಕ್ಕಾಗಿ ಬಹುಕಾಲ ತಯಾರಿಸಿಕೊಟ್ಟ ಪ್ರೋಥ್ರಾಂಬಿನೆಕ್ಸ್. ನಮಗೆ ಅದು ಬೇಕಾಗಲಿಲ್ಲ. ಆ ದಿನ ಯುವ ವೈದ್ಯೆಯೊಬ್ಬರು ನನ್ನನ್ನು ಬೈಯಲಿಲ್ಲ, ‘ಪುಸ್ತಕ ಎಲ್ಲಿ?’ ಎಂದಷ್ಟೇ ಕೇಳಿದರು. ನಾನು ಕೊಟ್ಟೆ. ಆ ವಾರದ ಸಾಲು ಖಾಲಿಯಾಗಿತ್ತು. ಮನೆಗೆ ಬರುವಾಗ ಕಾರಿನಲ್ಲಿ ತಾಯಿಯವರು, ‘ನೀನು ಯಾವಾಗ ಡಾಕ್ಟರ್ ಓದಿದ್ಯೋ?’ ಎಂದರು. ಮತ್ತೇನೂ ಅನ್ನಲಿಲ್ಲ.

ವಾರ್ಫರಿನ್ ಪ್ರಮಾಣ ಬದಲಿಸಿದ್ದರ ಪೂರ್ಣ ಪರಿಣಾಮ ಕಾಣಲು ಹಲವು ದಿನಗಳು ಬೇಕು. ಅದನ್ನು ಆಮೇಲೆ ಓದಿ ತಿಳಿದೆ. ಸೊಪ್ಪನ್ನು ಬಿಡಬೇಕಾಗಿರಲಿಲ್ಲ; ಪ್ರತಿ ವಾರ ಸುಮಾರಾಗಿ ಒಂದೇ ಅಳತೆಯಲ್ಲಿ ತಿಂದಿದ್ದರೆ ಸಾಕಿತ್ತು. ಹೊಸ ಮದ್ದೇನು ಬಂದರೂ, ಅದು ದಂತವೈದ್ಯರದಾಗಲಿ, ಊರಿಂದ ಬಂದ ಕಷಾಯದ ಪುಡಿಯಾಗಲಿ, ಮೊದಲು ಒಂದು ಮಾತು ಕೇಳಬೇಕಾಗಿತ್ತು.

ಇಂದಿನ ಸ್ಥಿತಿ

2008ರಿಂದೀಚೆಗೆ ಡಾಬಿಗಾಟ್ರಾನ್ ಮೊದಲಾದ ಹೊಸ ಮಾತ್ರೆಗಳು ಬಂದವು. 2013ರಲ್ಲಿ ಆಸ್ಟ್ರೇಲಿಯದ ಸರಕಾರಿ ರಿಯಾಯಿತಿ ಪಟ್ಟಿಗೂ ಸೇರಿದವು. ಮಿಡಿತ ತಪ್ಪಿದ ಅನೇಕರಿಗೆ ಇಂದು ವಾರ್ಫರಿನ್ ಬೇಕಾಗಿಲ್ಲ, ಐ.ಎನ್.ಆರ್. ಪರೀಕ್ಷೆಯೂ ಬೇಕಾಗಿಲ್ಲ. ಹಾಗಾದರೆ ಈ ಚರಿತ್ರೆ ಮುಗಿಯಿತೇ? ಇಲ್ಲ. ಯಾಂತ್ರಿಕ ಕವಾಟ ಇರುವವರಿಗೆ ಡಾಬಿಗಾಟ್ರಾನ್ ಕೊಟ್ಟು ನೋಡಿದ ಪ್ರಯೋಗವನ್ನು ಹೆಪ್ಪು ಮತ್ತು ರಕ್ತಸ್ರಾವ ಎರಡೂ ಹೆಚ್ಚಾದುದರಿಂದ ನಡುವೆಯೇ ನಿಲ್ಲಿಸಬೇಕಾಯಿತು. ಅದರ ವರದಿ 2013ರಲ್ಲಿ ಬಂತು. ರುಮ್ಯಾಟಿಕ್ ಹೃದ್ರೋಗದೊಡನೆ ಮಿಡಿತ ತಪ್ಪಿದವರಲ್ಲಿ ರಿವರೊಕ್ಸಬಾನ್‌ಗಿಂತ ಹಳೆಯ ಮಾತ್ರೆಯೇ ಮೇಲೆಂದು, ಭಾರತವೂ ಸೇರಿದ ಅಂತರರಾಷ್ಟ್ರೀಯ ಅಧ್ಯಯನವೊಂದು 2022ರಲ್ಲಿ ತೋರಿಸಿತು. ಎಂದರೆ, ನಮ್ಮ ಊರಿನ ರೋಗಕ್ಕೆ ಕಾರ್ಲ್‌ಸನ್ನನ ಹುಲ್ಲಿನ ಮದ್ದೇ ಇಂದಿಗೂ ಗತಿ. ಅಂಥ ಮನೆಗಳಲ್ಲಿ ಯಂತ್ರಕ್ಕೆ ಇನ್ನೂ ಕೆಲಸವಿದೆ.

ಬಂಧುಗಳೇ, ಒಬ್ಬ ರೈತ ಹಾಲಿನ ಕ್ಯಾನಿನಲ್ಲಿ ರಕ್ತ ಹೊತ್ತು ಮುನ್ನೂರು ಕಿಲೋಮೀಟರ್ ಹೋಗಬೇಕಾಗಿದ್ದ ಕಾಲದಿಂದ, ಒಂದು ಹನಿ ಅಡುಗೆಮನೆಯ ಮೇಜಿನ ಮೇಲೆಯೇ ಉತ್ತರ ಹೇಳುವ ಕಾಲಕ್ಕೆ ನಾವು ಬಂದಿದ್ದೇವೆ. ಪರೀಕ್ಷೆ ಮನೆಗೆ ಬಂದರೆ ವೈದ್ಯರ ಹಂಗು ತಪ್ಪಿತೆಂದು ನಾನು ಭಾವಿಸಿದ್ದೆ. ತಪ್ಪಿದ್ದು ದಾರಿ ನಡೆಯುವ ಶ್ರಮ ಮಾತ್ರ; ಹೊಣೆಯಲ್ಲಿ ಒಂದು ಪಾಲು ನಮ್ಮ ಹೆಗಲಿಗೆ ಬಂದಿತ್ತು. ಯಂತ್ರ ಕೊಳ್ಳುವ ಮನೆಯವರು ಮೊದಲು ವೈದ್ಯರ ಒಪ್ಪಿಗೆಯನ್ನೂ ತರಬೇತಿಯನ್ನೂ ಪಡೆಯಲಿ. ಜೊತೆಗೆ ಒಂದು ಪುಸ್ತಕವನ್ನೂ ಕೊಳ್ಳಲಿ. ಯಾವ ವಾರದ ಸಾಲನ್ನೂ ಖಾಲಿ ಬಿಡದಿರಲಿ.

ತಾಯಿಯವರು ಈಗಿಲ್ಲ. ಅವರು ಹೋದದ್ದು ವಯೋಧರ್ಮದಿಂದ; ಕವಾಟ ಕೊನೆಯವರೆಗೂ ಟಿಕ್ ಟಿಕ್ ಎನ್ನುತ್ತಿತ್ತು. ಪುಸ್ತಕ ನನ್ನ ಬಳಿ ಇದೆ. ಮೊಮ್ಮಗಳ ದುಂಡು ಅಕ್ಷರದಲ್ಲಿ ಬರೆದ ಶನಿವಾರಗಳು, ನಡುವೆ ಆ ಒಂದು ಖಾಲಿ ಸಾಲು. ಅದನ್ನು ನಾನು ಇಂದಿಗೂ ತುಂಬಿಸಿಲ್ಲ.